ಸೀಳುತುಟಿ: ಗ್ರಹಣದೋಷವೋ, ಗರ್ಭಕಾಲದ ಕಾರಣಗಳೋ?

ಕಾಶಿಯ ಹನುಮಾನ್ ಘಾಟ್ ಕನ್ನಡಿಗರಿಗೆ ಅಪರಿಚಿತವಾದ ಸ್ಥಳವಲ್ಲ. ದಕ್ಷಿಣ ದೇಶದಿಂದ ಬಂದು ನೆಲೆಸಿದ ಕುಟುಂಬಗಳು ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ಓಣಿಗಳು ಈ ಘಾಟಿನ ಬೆನ್ನಿಗೇ ಇವೆ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರು ತಮ್ಮ ತಾರುಣ್ಯದ ಕೆಲವು ವರ್ಷಗಳನ್ನು ಕಳೆದುದು ಇಲ್ಲಿಯೇ. ಇದರ ಮಗ್ಗುಲಿಗೆ ಹಿಂದಿನ ಮೈಸೂರು ಸಂಸ್ಥಾನದ ನೆನಪನ್ನು ಉಳಿಸಿಕೊಂಡಿರುವ ಕರ್ನಾಟಕ ಘಾಟ್ ಇದೆ. ಅದನ್ನು ದಾಟಿದರೆ ಹರಿಶ್ಚಂದ್ರ ಘಾಟ್. ಗ್ರಹಣದ ದಿನಗಳಲ್ಲಿ ಈ ಸೋಪಾನಗಳ ಮೇಲೆ ಕಾಲಿಡಲೂ ಸ್ಥಳವಿರುವುದಿಲ್ಲ. 2009ನೆಯ ಇಸವಿಯ ಜುಲೈ 22ರಂದು ಬೆಳಗಿನ ಆರೂವರೆಯ ಸುಮಾರಿಗೆ ಕಾಶಿಯಲ್ಲಿ ಸೂರ್ಯನು ಪೂರ್ಣವಾಗಿ ಮರೆಯಾದಾಗ ಸಹಸ್ರಾರು ಜನರು ಗಂಗೆಯಲ್ಲಿ ನಿಂತು ಸ್ನಾನಜಪಗಳಲ್ಲಿ ತೊಡಗಿದ್ದರು.

ಇಂಥ ದಿನ ಮನೆಯೊಳಗೆ ಉಳಿಯುವವಳು ಗರ್ಭಿಣಿ. ಅವಳು ಗ್ರಹಣವನ್ನು ನೋಡಬಾರದು, ಚಾಕು ಕತ್ತರಿಗಳನ್ನು ಮುಟ್ಟಬಾರದು, ಈಳಿಗೆಮಣೆಯ ಮುಂದೆ ಕೂರಬಾರದು. ಮೀರಿದರೆ ಹುಟ್ಟುವ ಮಗುವಿನ ತುಟಿ ಸೀಳಿರುತ್ತದೆ ಎಂಬ ನಂಬಿಕೆ ಗಂಗೆಯ ತೀರದಲ್ಲಿರುವಂತೆಯೇ ಕಾವೇರಿ ತುಂಗಭದ್ರೆಯರ ತೀರದಲ್ಲಿಯೂ ಇದೆ. ಊರು ಬಿಟ್ಟು ಮಹಾನಗರಗಳಿಗೆ ಬಂದ ಕುಟುಂಬಗಳು ಎಷ್ಟೋ ಪದ್ಧತಿಗಳನ್ನು ಕಳೆದುಕೊಂಡರೂ ಇದನ್ನು ಮಾತ್ರ ಜತನದಿಂದ ತಂದಿವೆ. ಆದುದರಿಂದಲೇ ತುಟಿ ಸೀಳಿದ ಶಿಶುವೊಂದು ಜನಿಸಿತೆಂದರೆ, ಬಾಣಂತಿಯು ಮೊದಲು ಕೇಳಬೇಕಾಗುವ ಮಾತು "ಗ್ರಹಣದ ಹೊತ್ತಿನಲ್ಲಿ ಏನು ಮಾಡಿದೆಯಮ್ಮಾ?" ಎಂಬುದೇ ಆಗಿರುತ್ತದೆ. ಹೆರಿಗೆಯ ಆಯಾಸದಲ್ಲಿರುವ ತಾಯಿಯ ತಲೆಯ ಮೇಲೆ ಅಪರಾಧವೊಂದನ್ನು ಹೊರಿಸುವ ಈ ಪ್ರಶ್ನೆಗೆ ಆಧಾರವಿದೆಯೇ? ಆಧಾರವಿಲ್ಲವಾದರೆ ಈ ನ್ಯೂನತೆಗೆ ನಿಜವಾದ ಕಾರಣಗಳಾವುವು? ಇವೆರಡನ್ನೂ ತಿಳಿದುಕೊಳ್ಳುವುದು ಪ್ರತಿಯೊಂದು ಕುಟುಂಬಕ್ಕೂ ಅವಶ್ಯಕ.

ಸೀಳುತುಟಿ ಎಂದರೇನು?

ಮೇಲ್ತುಟಿಯು ಮಧ್ಯದಿಂದ ತುಸು ಪಕ್ಕಕ್ಕೆ ಎರಡಾಗಿ ಬಿಟ್ಟುಕೊಂಡಿರುವುದಕ್ಕೆ ಸೀಳುತುಟಿ ಎಂದು ಹೆಸರು. ಮೊಲದ ತುಟಿಯನ್ನು ಹೋಲುವುದರಿಂದ ಹಳ್ಳಿಗಳಲ್ಲಿ ಇದನ್ನು ಮೊಲದತುಟಿ ಎಂದೂ ಕರೆಯುವುದುಂಟು. ಕೆಲವು ಶಿಶುಗಳಲ್ಲಿ ಇದು ಒಂದು ಸಣ್ಣ ಕಚ್ಚಿನಷ್ಟಿದ್ದರೆ, ಕೆಲವರಲ್ಲಿ ಮೂಗಿನ ಹೊಳ್ಳೆಯವರೆಗೂ ಏರಿ, ಒಸಡನ್ನೂ ಬಾಯಿಯ ಮೇಲ್ಛಾವಣಿಯಾದ ಅಂಗುಳವನ್ನೂ ಸೀಳಿರುತ್ತದೆ. ತುಟಿ ಸರಿಯಾಗಿದ್ದು ಅಂಗುಳ ಮಾತ್ರ ಸೀಳಿರುವ ಶಿಶುಗಳೂ ಉಂಟು. ತುಟಿಯ ಸೀಳು ಗಂಡುಮಕ್ಕಳಲ್ಲಿ ಹೆಚ್ಚು. ಅಂಗುಳದ ಸೀಳು ಮಾತ್ರವಿರುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಒಂದೇ ಕಡೆ ಸೀಳಿದ್ದಾಗ ಅದು ಬಲಗಡೆಗಿಂತ ಎಡಗಡೆಯಲ್ಲಿ ಕಾಣಿಸಿಕೊಳ್ಳುವುದೇ ಅಧಿಕ.

ಜಗತ್ತಿನಲ್ಲಿ ಸುಮಾರು 700 ಜನನಗಳಿಗೆ ಒಂದರಂತೆ ಈ ನ್ಯೂನತೆ ಕಂಡುಬರುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ ಶಿಶುಗಳು ಜನಿಸುತ್ತವೆಂದು ಹಿಡಿದು 700ರಿಂದ ಭಾಗಿಸಿದರೆ 33 ಸಾವಿರದ ಸಮೀಪದ ಸಂಖ್ಯೆ ದೊರೆಯುತ್ತದೆ. ಅಂದರೆ ಪ್ರತಿದಿನವೂ ಸರಾಸರಿ 90 ಮನೆಗಳಲ್ಲಿ ಇಂಥ ಶಿಶು ಕಣ್ಣು ತೆರೆಯುತ್ತದೆ. ಇದು ಎಲ್ಲೋ ಒಂದು ಮನೆಗೆ ತಗುಲಿದ ಶಾಪವಲ್ಲ. ಎಲ್ಲ ಜಾತಿ, ಮತ, ದೇಶಗಳಲ್ಲಿಯೂ ಕಾಣುವ ಶರೀರರಚನೆಯ ಒಂದು ಕೊರತೆ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಮುಖವು ರೂಪುಗೊಳ್ಳುವ ಬಗೆ

ತಾಯಿಯ ಗರ್ಭದಲ್ಲಿ ಶಿಶುವಿನ ಮುಖವು ಒಂದೇ ಹಾಳೆಯಂತೆ ಬೆಳೆಯುವುದಿಲ್ಲ. ಹಣೆಯ ಕಡೆಯಿಂದ ಕೆಳಗಿಳಿಯುವ ಒಂದು ಭಾಗ, ಎಡಬಲಗಳಿಂದ ಬರುವ ಎರಡು ಭಾಗಗಳು, ಹೀಗೆ ಬೇರೆ ಬೇರೆ ಮೊಳಕೆಗಳು ಬೆಳೆದು ಒಂದನ್ನೊಂದು ಸಂಧಿಸಿ ಬೆಸೆದುಕೊಳ್ಳುತ್ತವೆ. ಮೇಲ್ತುಟಿಯ ಬೆಸುಗೆಯು ಗರ್ಭಾಂಕುರವಾದ ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ ಮುಗಿಯುತ್ತದೆ. ಅಂಗುಳದ ಎರಡು ಹಲಗೆಗಳು ಮೊದಲು ನಾಲಿಗೆಯ ಅಕ್ಕಪಕ್ಕದಲ್ಲಿ ಕೆಳಮುಖವಾಗಿ ಜೋತಿರುತ್ತವೆ. ನಾಲಿಗೆಯು ತಗ್ಗಿದ ಮೇಲೆ ಅವು ಅಡ್ಡಲಾಗಿ ಮೇಲೆದ್ದು ನಡುವೆ ಕೂಡಿಕೊಳ್ಳುತ್ತವೆ. ಈ ಕಾರ್ಯವು ಹನ್ನೆರಡನೆಯ ವಾರದ ಹೊತ್ತಿಗೆ ಪೂರ್ಣವಾಗುತ್ತದೆ. ಹೆಣ್ಣು ಶಿಶುವಿನಲ್ಲಿ ಅಂಗುಳವು ಕೂಡುವುದು ಗಂಡು ಶಿಶುವಿಗಿಂತ ಸುಮಾರು ಒಂದು ವಾರ ತಡವಾಗಿ. ಅಪಾಯಕ್ಕೆ ತೆರೆದಿರುವ ಅವಧಿ ಇದರಿಂದ ದೀರ್ಘವಾಗುವುದೇ ಹೆಣ್ಣುಮಕ್ಕಳಲ್ಲಿ ಅಂಗುಳದ ಸೀಳು ಹೆಚ್ಚಾಗಿರಲು ಕಾರಣವಿರಬಹುದೆಂದು ತಜ್ಞರು ಭಾವಿಸುತ್ತಾರೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಸೀಳುತುಟಿ ಎಂಬುದು ಕೂಡಿದ್ದ ತುಟಿ ಹರಿದುಹೋದುದಲ್ಲ. ಕೂಡಬೇಕಾಗಿದ್ದ ಭಾಗಗಳು ಆ ಗಡುವಿನೊಳಗೆ ಕೂಡದೆ ಉಳಿದುದು. ಗಡುವು ಕಳೆದ ಮೇಲೆ ಯಾವ ಕತ್ತಿಯೂ ಯಾವ ನೆರಳೂ ಅದನ್ನು ಸೀಳಲಾರದು. ಮುಟ್ಟು ತಪ್ಪಿದ್ದನ್ನು ಗಮನಿಸಿ, ವೈದ್ಯರನ್ನು ಕಂಡು, ಗರ್ಭವು ನಿಂತಿದೆ ಎಂದು ಖಚಿತಪಡಿಸಿಕೊಳ್ಳುವ ಹೊತ್ತಿಗೆ ತುಟಿಯ ಬೆಸುಗೆ ಆರಂಭವಾಗಿಯೇ ಇರುತ್ತದೆ. ಬಯಕೆಯ ಸೀರೆ ಉಡಿಸುವ ಕಾಲಕ್ಕಂತೂ ಅದು ಮುಗಿದು ತಿಂಗಳುಗಳಾಗಿರುತ್ತವೆ.

ಗ್ರಹಣದ ಲೆಕ್ಕ

ಗ್ರಹಣದ ನಂಬಿಕೆ ಭಾರತಕ್ಕೆ ಮಾತ್ರ ಸೀಮಿತವಲ್ಲ. ದೂರದ ಮೆಕ್ಸಿಕೋ ದೇಶದಲ್ಲಿ, ಗ್ರಹಣವೆಂದರೆ ಚಂದ್ರನನ್ನು ಯಾವುದೋ ಕಚ್ಚಿದಂತೆ, ಅದು ಗರ್ಭಸ್ಥ ಶಿಶುವಿನ ತುಟಿಯನ್ನೂ ಕಚ್ಚುತ್ತದೆ ಎಂಬ ಭಯದಿಂದ ಗರ್ಭಿಣಿಯರು ಲೋಹದ ಬೀಗದ ಕೈಯನ್ನೋ ಪಿನ್ನನ್ನೋ ಸೊಂಟದಲ್ಲಿ ಧರಿಸುವ ಪದ್ಧತಿ ಇದೆ. ಒಬ್ಬರ ಪರಿಚಯವೇ ಇಲ್ಲದ ಎರಡು ಸಮಾಜಗಳು ಕಾರಣ ತಿಳಿಯದ ದುಃಖಕ್ಕೆ ಆಕಾಶದಲ್ಲಿ ಒಂದೇ ಕಾರಣವನ್ನು ಹುಡುಕಿಕೊಂಡಿರುವುದು ಕುತೂಹಲಕರ.

ಆದರೆ ಲೆಕ್ಕ ಹಾಕಿ ನೋಡಿದಾಗ ಈ ಕಾರಣ ನಿಲ್ಲುವುದಿಲ್ಲ. ಭೂಮಿಯ ಮೇಲಿನ ಒಂದೇ ಸ್ಥಳದಲ್ಲಿ ಪೂರ್ಣ ಸೂರ್ಯಗ್ರಹಣವು ಮತ್ತೆ ಕಾಣಲು ಸರಾಸರಿ 375 ವರ್ಷ ಬೇಕು. ಚಂದ್ರಗ್ರಹಣ ಮತ್ತು ಪಾರ್ಶ್ವ ಸೂರ್ಯಗ್ರಹಣಗಳನ್ನು ಸೇರಿಸಿದರೂ ಒಂದು ಊರಿಗೆ ವರ್ಷಕ್ಕೆ ಒಂದೆರಡಕ್ಕಿಂತ ಹೆಚ್ಚು ಗ್ರಹಣಗಳು ದೊರೆಯುವುದು ಅಪರೂಪ. ಸೀಳುತುಟಿಯ ಶಿಶುಗಳಾದರೋ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಜನಿಸುತ್ತವೆ. ಇದಕ್ಕೆ ಪ್ರತಿಯಾಗಿ, ದೇಶದಲ್ಲಿ ಯಾವುದೇ ಒಂದು ದಿನ ಮುಖರಚನೆಯ ಆ ಎಂಟು ವಾರಗಳಲ್ಲಿರುವ ಗರ್ಭಿಣಿಯರ ಸಂಖ್ಯೆ 35 ಲಕ್ಷದ ಆಸುಪಾಸಿನಲ್ಲಿರುತ್ತದೆ. ಅವರಲ್ಲಿ ಲಕ್ಷಾಂತರ ಮಂದಿ ಗ್ರಹಣದ ಹೊತ್ತಿನಲ್ಲಿಯೂ ಹೊಲ, ಕಾರ್ಖಾನೆ, ಕಚೇರಿ, ಅಡುಗೆಮನೆಗಳಲ್ಲಿ ದುಡಿಯುತ್ತಿರುತ್ತಾರೆ. ಅವರ ಶಿಶುಗಳು ನೆಟ್ಟಗಿರುವ ತುಟಿಯೊಡನೆಯೇ ಹುಟ್ಟುತ್ತವೆ. ಗ್ರಹಣಸ್ನಾನ ಜಪಗಳನ್ನು ಆಚರಿಸುವುದು ಅವರವರ ಶ್ರದ್ಧೆಗೆ ಸೇರಿದ್ದು. ಆದರೆ ಗರ್ಭಿಣಿಯನ್ನು ಗಂಟೆಗಟ್ಟಲೆ ನೀರೂ ಇಲ್ಲದೆ ಉಪವಾಸ ಕೂರಿಸುವುದು ಅವಳಿಗೂ ಶಿಶುವಿಗೂ ಒಳಿತಲ್ಲ. ಹುಟ್ಟಿದ ಮಗುವಿನ ತುಟಿಗೆ ಅವಳನ್ನು ಹೊಣೆ ಮಾಡುವುದಂತೂ ನ್ಯಾಯವಲ್ಲ.

ಪ್ರಾಚೀನರು ಕಂಡ ಕಾರಣಗಳು

ಕಾಶಿಗೂ ಶಸ್ತ್ರವೈದ್ಯಕ್ಕೂ ಹಳೆಯ ನಂಟು. ಕಾಶಿರಾಜನಾದ ದಿವೋದಾಸ ಧನ್ವಂತರಿಯು ಸುಶ್ರುತನೇ ಮೊದಲಾದ ಶಿಷ್ಯರಿಗೆ ಉಪದೇಶಿಸಿದನೆಂದು ಸುಶ್ರುತ ಸಂಹಿತೆಯು ಹೇಳಿಕೊಳ್ಳುತ್ತದೆ. ಕತ್ತರಿಸಿಹೋದ ಮೂಗು ಕಿವಿಗಳನ್ನು ಚರ್ಮದ ಹೊದಿಕೆಯಿಂದ ಮತ್ತೆ ಕಟ್ಟುವ ವಿಧಾನವನ್ನು ಆ ಗ್ರಂಥದಲ್ಲಿ ಕಾಣಬಹುದು. ಗರ್ಭಿಣಿಯ ಬಯಕೆಗಳನ್ನು ಈಡೇರಿಸದಿದ್ದರೆ ಮಗುವು ಗೂನಾಗಿ, ಕುಂಟಾಗಿ, ಕುಳ್ಳಾಗಿ, ಕಣ್ಣಿನ ದೋಷದಿಂದ ಕೂಡಿ ಹುಟ್ಟುವುದೆಂದು ಸುಶ್ರುತನ ಮತ. ಇಂದಿನ ವಿಜ್ಞಾನವು ಇದನ್ನು ಅಕ್ಷರಶಃ ಒಪ್ಪುವುದಿಲ್ಲ. ಆದರೂ ಅದರಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಅಲ್ಲಿ ಹೊಣೆ ಬೀಳುವುದು ಗರ್ಭಿಣಿಯ ಮೇಲಲ್ಲ, ಅವಳನ್ನು ಚೆನ್ನಾಗಿ ನೋಡಿಕೊಳ್ಳಬೇಕಾದ ಮನೆಯವರ ಮೇಲೆ.

ಚರಕ ಸಂಹಿತೆಯು ವಿಕೃತಿಗೆ ಐದು ಬಗೆಯ ದೋಷಗಳನ್ನು ಎಣಿಸುತ್ತದೆ: ಬೀಜ, ಆತ್ಮಕರ್ಮ, ಗರ್ಭಾಶಯ, ಕಾಲ, ಮತ್ತು ತಾಯಿಯ ಆಹಾರವಿಹಾರ. ಗ್ರಹಣದ ಹೆಸರು ಆ ಪಟ್ಟಿಯಲ್ಲಿಲ್ಲ. ಕರ್ಮದ ಮಾತನ್ನು ತತ್ತ್ವಶಾಸ್ತ್ರಕ್ಕೆ ಬಿಟ್ಟರೆ, ಒಂದೇ ಕಾರಣವನ್ನು ಹಿಡಿದು ಕೂರದೆ ಹಲವು ಕಾರಣಗಳ ಕೂಟವನ್ನು ಕಂಡ ಈ ದೃಷ್ಟಿಯು ಇಂದಿನ ವೈದ್ಯಶಾಸ್ತ್ರದ ನಿಲುವಿಗೆ ಹತ್ತಿರವಾದುದು.

ಬೀಜದ ಪಾಲು

ಸೀಳುತುಟಿಯ ಶಿಶುಗಳಲ್ಲಿ ಸುಮಾರು ನೂರಕ್ಕೆ 70ರಷ್ಟು ಮಂದಿಗೆ ಬೇರೆ ಯಾವ ಅಂಗದಲ್ಲಿಯೂ ದೋಷವಿರುವುದಿಲ್ಲ. ಉಳಿದವರಲ್ಲಿ ಅದು ಯಾವುದಾದರೊಂದು ಅನುವಂಶೀಯ ರೋಗಸಮೂಹದ ಭಾಗವಾಗಿರುತ್ತದೆ. ಒಂಟಿಯಾಗಿ ಬಂದ ಸೀಳಿಗೂ ವಂಶದ ಪಾಲುಂಟು. ತಂದೆತಾಯಿಗಳಲ್ಲಿ ಯಾರಿಗೂ ದೋಷವಿಲ್ಲದೆ ಮೊದಲ ಮಗುವಿಗೆ ಸೀಳುತುಟಿಯಿದ್ದರೆ, ಮುಂದಿನ ಮಗುವಿಗೂ ಬರುವ ಸಂಭವ ನೂರಕ್ಕೆ ಸುಮಾರು 4 ಮಾತ್ರ. ಇದನ್ನೇ ತಿರುಗಿಸಿ ಹೇಳಿದರೆ, ನೂರಕ್ಕೆ 96 ಪಾಲು ಮುಂದಿನ ಮಗು ಸರಿಯಾಗಿಯೇ ಇರುತ್ತದೆ. ಎಷ್ಟೋ ದಂಪತಿಗಳು ಈ ಎರಡನೆಯ ಅಂಕಿಯನ್ನು ಯಾರೂ ಹೇಳದಿದ್ದುದರಿಂದ ಮತ್ತೊಂದು ಮಗುವಿನ ಆಸೆಯನ್ನೇ ತೊರೆಯುತ್ತಾರೆ.

ಬೀಜವೇ ಸರ್ವಸ್ವವಲ್ಲ ಎಂಬುದಕ್ಕೆ ಅವಳಿಗಳು ನಿದರ್ಶನ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಬೀಜದ ಬರಹ ಒಂದೇ. ಆದರೂ ಒಬ್ಬರಿಗೆ ಸೀಳುತುಟಿಯಿದ್ದಾಗ ಮತ್ತೊಬ್ಬರಿಗೂ ಇರುವುದು ಹೆಚ್ಚುಕಡಿಮೆ ಅರ್ಧದಷ್ಟು ಜೋಡಿಗಳಲ್ಲಿ ಮಾತ್ರ. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಈ ಪ್ರಮಾಣ ನೂರಕ್ಕೆ 5ರ ಸುಮಾರಿಗೆ ಇಳಿಯುತ್ತದೆ. ವಂಶದ ಪಾಲು ದೊಡ್ಡದು, ಆದರೆ ಪೂರ್ಣವಲ್ಲ ಎಂಬುದು ಇದರ ತಾತ್ಪರ್ಯ.

ಕನ್ನಡನಾಡಿನಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಹಳೆಯದು. ಒಟ್ಟು ಜನ್ಮಜಾತ ನ್ಯೂನತೆಗಳ ಸಂಭವವು ಸಾಮಾನ್ಯ ದಂಪತಿಗಳ ಮಕ್ಕಳಲ್ಲಿ ನೂರಕ್ಕೆ 2-3 ಇದ್ದರೆ, ಅತ್ತೆಮಾವಂದಿರ ಮಕ್ಕಳೊಳಗಿನ ವಿವಾಹದಲ್ಲಿ ಅದಕ್ಕೆ ಇನ್ನೂ 2-3 ಕೂಡುತ್ತದೆ. ಸೀಳುತುಟಿಯ ಮಟ್ಟಿಗೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಆದರೂ ವಂಶದಲ್ಲಿ ಈ ದೋಷವಿದ್ದು ಸಂಬಂಧದೊಳಗೇ ಮದುವೆ ನಿಶ್ಚಯಿಸುವವರು ಮೊದಲೇ ವೈದ್ಯರ ಸಲಹೆ ಪಡೆಯುವುದು ವಿವೇಕ.

ತಾಯಿಯ ದೇಹದ ಮೂಲಕ ಬರುವ ಕಾರಣಗಳು

ಗರ್ಭಕೋಶವು ಭೇದಿಸಲಾಗದ ಕೋಟೆ, ಹೊರಗಿನ ವಿಷವು ಒಳಗಿನ ಶಿಶುವನ್ನು ಮುಟ್ಟಲಾರದು ಎಂಬ ಭಾವನೆ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ವೈದ್ಯರಲ್ಲಿಯೂ ಇತ್ತು. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಅವರು, ಗರ್ಭದ ಆರಂಭದಲ್ಲಿ ತಾಯಿಗೆ ರುಬೆಲ್ಲಾ ಜ್ವರ ಬಂದಿದ್ದರೆ ಶಿಶುವು ಕಣ್ಣಿನ ಪೊರೆಯೊಡನೆ ಹುಟ್ಟಬಹುದೆಂದು ತೋರಿಸಿದರು. 1957ರಿಂದ 1961ರವರೆಗೆ ಪಶ್ಚಿಮ ಜರ್ಮನಿ ಮೊದಲಾದ ದೇಶಗಳಲ್ಲಿ ಮಾರಾಟವಾದ ಥ್ಯಾಲಿಡೊಮೈಡ್ ಎಂಬ ಮಾತ್ರೆಯು ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳ ಕೈಕಾಲುಗಳನ್ನು ಮೊಟಕುಗೊಳಿಸಿತು. ಅಂದಿನಿಂದ ಗರ್ಭಕಾಲದ ಔಷಧ, ಆಹಾರ, ಹವೆಗಳೆಲ್ಲವೂ ಪರಿಶೀಲನೆಗೆ ಒಳಗಾಗಿವೆ. ಸೀಳುತುಟಿಯ ಸಂಬಂಧದಲ್ಲಿ ತಿಳಿದುಬಂದ ಮುಖ್ಯ ಅಂಶಗಳು ಇವು.

ಮೊದಲನೆಯದು ತಂಬಾಕು. ಗರ್ಭದ ಮೊದಲ ತಿಂಗಳುಗಳಲ್ಲಿ ಧೂಮಪಾನ ಮಾಡುವ ತಾಯಂದಿರಲ್ಲಿ ಸೀಳುತುಟಿಯ ಸಂಭವವು ಸುಮಾರು 1.3 ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡಿದ್ದಾರೆ. ಅಂದರೆ 700ಕ್ಕೆ ಒಂದಿದ್ದುದು ಸುಮಾರು 540ಕ್ಕೆ ಒಂದಾಗುತ್ತದೆ. ಒಂದು ಮನೆಯ ಮಟ್ಟಿಗೆ ಇದು ಚಿಕ್ಕ ಏರಿಕೆ. ಇಡೀ ದೇಶದ ಮಟ್ಟಿಗೆ ದೊಡ್ಡದು. "ನಮ್ಮ ಹೆಂಗಸರು ಬೀಡಿ ಸಿಗರೇಟು ಸೇದುವುದಿಲ್ಲ" ಎಂದು ಸಮಾಧಾನಪಡುವಂತಿಲ್ಲ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವ ರೂಢಿ ಕರ್ನಾಟಕದಲ್ಲಿಯೂ, ಜರ್ದಾ ಖೈನಿಗಳ ರೂಢಿ ಬನಾರಸಿನಲ್ಲಿಯೂ ಹೆಂಗಸರಲ್ಲಿ ಇದೆ. ಸ್ವೀಡನ್ ದೇಶದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಾಯಲ್ಲಿಟ್ಟುಕೊಳ್ಳುವ ತಂಬಾಕಿನಿಂದಲೂ ಸೀಳುತುಟಿಯ ಸಂಭವ ಏರುವುದೆಂದೂ, ಗರ್ಭದ ತೀರ ಆರಂಭದಲ್ಲಿಯೇ ಬಿಟ್ಟವರಲ್ಲಿ ಆ ಏರಿಕೆ ಕಾಣಲಿಲ್ಲವೆಂದೂ ತಿಳಿಸಿದೆ. ಮನೆಯೊಳಗೆ ಸೇದುವ ಗಂಡಸಿನ ಹೊಗೆಯನ್ನು ಗರ್ಭಿಣಿಯೂ ಉಸಿರಾಡುತ್ತಾಳೆ ಎಂಬುದನ್ನು ಮರೆಯಬಾರದು.

ಎರಡನೆಯದು ಔಷಧಗಳು. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೋಯೇಟ್, ಫೆನಿಟಾಯಿನ್, ಫೀನೋಬಾರ್ಬಿಟಾಲ್, ಟೋಪಿರಮೇಟ್ ಮೊದಲಾದ ಔಷಧಗಳು ಈ ನ್ಯೂನತೆಯ ಸಂಭವವನ್ನು ಹೆಚ್ಚಿಸುತ್ತವೆ. ಹಾಗೆಂದು ಅವುಗಳನ್ನು ತಾನಾಗಿ ನಿಲ್ಲಿಸುವುದು ಇನ್ನೂ ಅಪಾಯ. ಮೂರ್ಛೆ ಮರುಕಳಿಸಿದರೆ ತಾಯಿಯ ಪ್ರಾಣಕ್ಕೇ ಸಂಚಕಾರ ಬರಬಹುದು. ಗರ್ಭ ಧರಿಸುವುದಕ್ಕೆ ಮೊದಲೇ ವೈದ್ಯರನ್ನು ಕಂಡು ಔಷಧವನ್ನು ಬದಲಿಸಿಕೊಳ್ಳಬೇಕು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಸಂಧಿವಾತಕ್ಕೂ ಚರ್ಮರೋಗಕ್ಕೂ ಕೊಡುವ ಮೆಥೊಟ್ರೆಕ್ಸೇಟ್ ಇವು ಗರ್ಭಕ್ಕೆ ತೀವ್ರ ಹಾನಿಕರ. "ಎ" ಜೀವಸತ್ವವು ಸಹ ಅತಿಯಾದರೆ ವಿಷವೇ. ಔಷಧದ ಅಂಗಡಿಯವನ ಮಾತಿನ ಮೇಲೆ ಮಾತ್ರೆ ನುಂಗುವ ನಗರದ ಅಭ್ಯಾಸವು ಮದುವೆಯಾದ ಹೆಣ್ಣುಮಕ್ಕಳಿಗೆ ಸಲ್ಲದು.

ಮೂರನೆಯದು ತಾಯಿಯ ಆರೋಗ್ಯ. ಗರ್ಭಕ್ಕೆ ಮುಂಚಿನಿಂದಲೇ ಸಕ್ಕರೆ ಕಾಯಿಲೆಯಿದ್ದು ಅದು ಹತೋಟಿಯಲ್ಲಿಲ್ಲದಿದ್ದರೆ ಸೀಳುತುಟಿಯೂ ಹೃದಯದ ದೋಷಗಳೂ ಹೆಚ್ಚು. ಅತಿ ಸ್ಥೂಲಕಾಯ, ಮದ್ಯಪಾನಗಳ ಮೇಲೂ ಸಂದೇಹವಿದೆ.

ನಾಲ್ಕನೆಯದು ಫೋಲಿಕ್ ಆಮ್ಲದ ಕೊರತೆ. ಈ ಸತ್ವದ ಕಥೆ ಆರಂಭವಾದುದು ಭಾರತದಲ್ಲಿಯೇ. 1928ರಲ್ಲಿ ಮುಂಬಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್ ಅವರು ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಯೀಸ್ಟಿನ ಸಾರವನ್ನು ತಿನ್ನಿಸಿದರೆ ಅದು ವಾಸಿಯಾಗುವುದೆಂದು ಕಂಡುಹಿಡಿದರು. ಆ ಸಾರದಲ್ಲಿದ್ದುದು ಫೋಲಿಕ್ ಆಮ್ಲವೆಂಬುದು ಮುಂದೆ ತಿಳಿಯಿತು. ಗರ್ಭದ ಮುಂಚಿನಿಂದ ಇದನ್ನು ಸೇವಿಸಿದರೆ ಬೆನ್ನುಹುರಿಯ ಜನ್ಮದೋಷಗಳು ಮತ್ತೆ ಬರುವುದನ್ನು ನೂರಕ್ಕೆ 72ರಷ್ಟು ತಡೆಯಬಹುದೆಂದು 1991ರಲ್ಲಿ ಏಳು ದೇಶಗಳ ತಾಯಂದಿರ ಪರೀಕ್ಷೆಯು ತೋರಿಸಿತು. ಸೀಳುತುಟಿಯ ವಿಷಯದಲ್ಲಿ ಪುರಾವೆಯು ಅಷ್ಟು ಗಟ್ಟಿಯಾಗಿಲ್ಲ. ಆದರೂ 2007ರಲ್ಲಿ ಪ್ರಕಟವಾದ ನಾರ್ವೆ ದೇಶದ ಅಧ್ಯಯನವೊಂದರಲ್ಲಿ, ದಿನಕ್ಕೆ 400 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಫೋಲಿಕ್ ಆಮ್ಲವನ್ನು ಸೇವಿಸಿದವರಲ್ಲಿ ತುಟಿಯ ಸೀಳು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಿ ಕಂಡಿತು. ಹರಿವೆ, ದಂಟು, ಮೆಂತ್ಯ, ಪಾಲಕ್ ಸೊಪ್ಪುಗಳು, ಹೆಸರು, ಕಡಲೆ, ಅಲಸಂದೆ ಕಾಳುಗಳು ಈ ಸತ್ವದ ಆಕರಗಳು. ಬೇಯಿಸಿದಾಗ ಸತ್ವದ ಒಂದಂಶ ನೀರಿಗಿಳಿಯುವುದರಿಂದ, ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ಹಳೆಯ ಮೈಸೂರು ಸೀಮೆಯ ಪದ್ಧತಿಯು ಮೆಚ್ಚತಕ್ಕದ್ದು. ಆದರೆ ಗರ್ಭಕಾಲಕ್ಕೆ ಊಟವೊಂದೇ ಸಾಲದು; ಮಾತ್ರೆಯೂ ಬೇಕು.

ಪರಿಸರದ ಕಾರಣಗಳು

ಸೌದೆ, ಬೆರಣಿಗಳ ಒಲೆಯ ಹೊಗೆ, ನಗರದ ವಾಹನಗಳ ಹೊಗೆ, ಕೀಟನಾಶಕಗಳು, ಕಾರ್ಖಾನೆಯ ದ್ರಾವಕಗಳು ಇವೆಲ್ಲವೂ ಸೀಳುತುಟಿಗೆ ಸಂಭಾವ್ಯ ಕಾರಣಗಳೆಂದು ಪರಿಶೀಲನೆಗೆ ಒಳಗಾಗಿವೆ. ಒಲೆಯ ಹೊಗೆಯಿಂದ ಶಿಶುವಿನ ತೂಕ ಕುಗ್ಗುವುದು ಸ್ಥಿರಪಟ್ಟಿದೆ. ತುಟಿ ಸೀಳುವುದರ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಕೀಟನಾಶಕಗಳೊಡನೆ ಕೆಲಸ ಮಾಡುವ ತಾಯಂದಿರಲ್ಲಿ ಸ್ವಲ್ಪ ಮಟ್ಟಿನ ಹೆಚ್ಚಳವು ಕಂಡಿದೆ.

ಕೀಟನಾಶಕದ ಮಾತು ಬಂದಾಗ ಕಾಸರಗೋಡಿನ ಕನ್ನಡ ಪ್ರದೇಶವನ್ನು ನೆನೆಯದಿರಲಾಗದು. ಎಣ್ಮಕಜೆ, ಪಡ್ರೆ ಮೊದಲಾದ ಗ್ರಾಮಗಳ ನೆತ್ತಿಯ ಮೇಲಿನ ಗೇರು ತೋಟಗಳಿಗೆ 1970ರ ದಶಕದಿಂದ 2000ದ ಇಸವಿಯವರೆಗೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಆ ಗ್ರಾಮಗಳ ಮಕ್ಕಳಲ್ಲಿ ಕಂಡ ಬಗೆಬಗೆಯ ವೈಕಲ್ಯಗಳತ್ತ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತರಾದ ಶ್ರೀ ಪಡ್ರೆಯವರು ಲೋಕದ ಗಮನ ಸೆಳೆದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಆ ವಿಷದ ತಯಾರಿಕೆಯನ್ನೂ ಬಳಕೆಯನ್ನೂ ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಒಂದೊಂದು ಮಗುವಿನ ಒಂದೊಂದು ದೋಷಕ್ಕೆ ಇದೇ ಕಾರಣವೆಂದು ರುಜುವಾತುಪಡಿಸುವುದರಲ್ಲಿ ತಜ್ಞರಲ್ಲಿ ವಾದವಿವಾದಗಳು ನಡೆದಿವೆ. ಆದರೆ ತಾಯಂದಿರ ತಲೆಯ ಮೇಲೆ ವಿಷವನ್ನು ಸುರಿದು, ಪೂರ್ಣ ಪುರಾವೆ ದೊರೆಯುವವರೆಗೆ ಕಾಯುವುದು ಸಲ್ಲದು ಎಂಬ ಪಾಠವನ್ನು ಆ ಗ್ರಾಮಗಳು ಕಲಿಸಿವೆ. ಇಲ್ಲಿ ತಾಯಿಯು ಈಳಿಗೆಮಣೆಯನ್ನು ಮುಟ್ಟಿದಳೇ ಬಿಟ್ಟಳೇ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ.

"ಸಂಭಾವ್ಯ" ಎಂಬ ಪದದ ಅರ್ಥ

ವೈದ್ಯರು ಈ ಕಾರಣಗಳನ್ನು "ಸಂಭಾವ್ಯ" ಎಂದೇ ಕರೆಯುವುದೇಕೆ? ಒಂದು ಸಂಸ್ಥೆಗೆ ನಷ್ಟವಾದಾಗ ಅದಕ್ಕೆ ಒಂದೇ ಬಾಬ್ತು ಕಾರಣವಾಗಿರುವುದು ವಿರಳ. ಹಲವು ಸಣ್ಣ ಬಾಬ್ತುಗಳು ಒಂದೇ ವರ್ಷ ಕೂಡಿಬಂದಾಗ ನಷ್ಟ ಕಾಣಿಸುತ್ತದೆ. ಸೀಳುತುಟಿಯೂ ಹಾಗೆಯೇ. ತಂದೆಯ ಕಡೆಯ ಒಂದಂಶ, ತಾಯಿಯ ಕಡೆಯ ಒಂದಂಶ, ಪೋಷಣೆಯ ಕೊರತೆ, ಹೊಗೆ, ಔಷಧ ಇವುಗಳಲ್ಲಿ ಕೆಲವು ಆ ಕೆಲವೇ ವಾರಗಳಲ್ಲಿ ಒಟ್ಟುಗೂಡಿ ಒಂದು ಮೇರೆಯನ್ನು ದಾಟಿದಾಗ ತುಟಿಯ ಬೆಸುಗೆ ತಪ್ಪುತ್ತದೆ. ಸೀಳುತುಟಿಯ ಶಿಶುವನ್ನು ಹೆತ್ತ ಬಹುಪಾಲು ತಾಯಂದಿರು ಮೇಲೆ ಹೇಳಿದ ಯಾವ ತಪ್ಪನ್ನೂ ಮಾಡಿರುವುದಿಲ್ಲ; ತಂಬಾಕು ಸೇದಿದ ಬಹುಪಾಲು ತಾಯಂದಿರಿಗೆ ಸರಿಯಾದ ಮಕ್ಕಳೇ ಹುಟ್ಟಿರುತ್ತವೆ. ಆದುದರಿಂದ ಈ ಕಾರಣಗಳ ಪಟ್ಟಿಯು ಮುಂದಿನ ಗರ್ಭದ ರಕ್ಷಣೆಗಾಗಿಯೇ ಹೊರತು, ಹಿಂದಿನ ಗರ್ಭದ ವಿಚಾರಣೆಗಾಗಿ ಅಲ್ಲ. ಗ್ರಹಣದ ಆಪಾದನೆಯನ್ನು ತೆಗೆದು ಅದರ ಸ್ಥಾನದಲ್ಲಿ ಮಾತ್ರೆ ನುಂಗದ ಆಪಾದನೆಯನ್ನು ಕೂರಿಸಿದರೆ ವಿಜ್ಞಾನವೂ ಮೂಢನಂಬಿಕೆಯೂ ಒಂದೇ ಆದೀತು.

ಹುಟ್ಟಿದ ಮಗುವಿಗೆ ಮಾಡಬೇಕಾದುದು

ಇಂಥ ಶಿಶುವಿಗೆ ಮೊದಲ ಶತ್ರು ಹಸಿವು. ತುಟಿ ಮಾತ್ರ ಸೀಳಿದ್ದರೆ ಮಗು ಮೊಲೆಯುಣ್ಣಬಲ್ಲದು. ಅಂಗುಳ ಸೀಳಿದ್ದರೆ ಬಾಯೊಳಗೆ ಎಳೆತ ಹುಟ್ಟದೆ ಹಾಲು ಮೂಗಿಗೆ ಏರುತ್ತದೆ. ಉಸಿರಿನ ನಾಳಕ್ಕೆ ಇಳಿಯುವ ಭಯವೂ ಇದೆ. ಆದುದರಿಂದ ತಾಯಿಯ ಹಾಲನ್ನು ಹಿಂಡಿ, ಮಗುವನ್ನು ಮಲಗಿಸದೆ ತಲೆಯೆತ್ತಿ ಕೂರಿಸಿಕೊಂಡು, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಅಜ್ಜಿಯರ ಕಾಲದ ಒಳಲೆಯು ಇದಕ್ಕೆ ಅತ್ಯುತ್ತಮ ಸಾಧನ. ಇಂದಿನ ಆಸ್ಪತ್ರೆಗಳಲ್ಲಿಯೂ ದಾದಿಯರು ಅದರಿಂದಲೇ ಹಾಲೂಡಿಸುವುದನ್ನು ಕಾಣಬಹುದು. ನಡುನಡುವೆ ಭುಜಕ್ಕೊರಗಿಸಿ ತೇಗು ಬರಿಸಬೇಕು. ವಾರಕ್ಕೊಮ್ಮೆ ತೂಕ ನೋಡಬೇಕು.

ತುಟಿಯನ್ನು ಕೂಡಿಸುವ ಶಸ್ತ್ರಚಿಕಿತ್ಸೆಯು ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ, ಅಂಗುಳದ್ದು 9ರಿಂದ 18 ತಿಂಗಳೊಳಗೆ ನಡೆಯುತ್ತದೆ. ವಯಸ್ಸು 10 ವಾರ, ತೂಕ 10 ಪೌಂಡು ಎಂದರೆ ಸುಮಾರು ನಾಲ್ಕೂವರೆ ಕಿಲೋ, ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಂ ಇವು ಕೂಡಿದ್ದರೆ ಮಗು ಚಿಕಿತ್ಸೆಗೆ ಸಿದ್ಧ ಎಂಬುದು ಶಸ್ತ್ರವೈದ್ಯರ ಹಳೆಯ ಸೂತ್ರ. ಅಂಗುಳದ ಚಿಕಿತ್ಸೆ ತಡವಾದಷ್ಟೂ ಮಾತು ಮೂಗಿನಲ್ಲಿ ಉಳಿಯುತ್ತದೆ. ಚಿಕಿತ್ಸೆಯ ನಂತರವೂ ಮಾತಿನ ತರಬೇತಿ, ಕಿವಿಯ ಪರೀಕ್ಷೆ, ಹಲ್ಲಿನ ಜೋಡಣೆ ಅವಶ್ಯಕ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಬಗೆಯ ಮಕ್ಕಳಿಗೆ ನೆರವಾಗುತ್ತಿದೆ.

ಈ ಚಿಕಿತ್ಸೆಯ ಫಲವನ್ನು ಜಗತ್ತಿಗೆ ತೋರಿಸಿದ್ದೂ ಕಾಶಿಯೇ. ಮಿರ್ಜಾಪುರ ಜಿಲ್ಲೆಯ ಬಡ ಹುಡುಗಿಯೊಬ್ಬಳಿಗೆ ವಾರಾಣಸಿಯಲ್ಲಿ ಡಾ. ಸುಬೋಧ್ ಕುಮಾರ್ ಸಿಂಗ್ ಅವರು ನಡೆಸಿದ ಉಚಿತ ಶಸ್ತ್ರಚಿಕಿತ್ಸೆಯನ್ನು ಕುರಿತು ಮೇಗನ್ ಮೈಲನ್ ಎಂಬ ಅಮೆರಿಕನ್ ಮಹಿಳೆ "ಸ್ಮೈಲ್ ಪಿಂಕಿ" ಎಂಬ 39 ನಿಮಿಷಗಳ ಸಾಕ್ಷ್ಯಚಿತ್ರವನ್ನು ತಯಾರಿಸಿದರು. 2009ರ ಫೆಬ್ರವರಿಯಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. ತುಟಿಯ ಕಾರಣದಿಂದ ಶಾಲೆಯಿಂದಲೂ ಓರಗೆಯ ಮಕ್ಕಳಿಂದಲೂ ದೂರವಿದ್ದ ಆ ಬಾಲಕಿಯು 2013ರಲ್ಲಿ ವಿಂಬಲ್ಡನ್ ಪುರುಷರ ಅಂತಿಮ ಪಂದ್ಯದ ನಾಣ್ಯ ಚಿಮ್ಮುವಿಕೆಗೆ ಆಹ್ವಾನಿತಳಾದಳು. ಅದೇ ವರ್ಷ ಭಾರತ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳಂಗುಳಗಳೂ ಸೇರಿವೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಮತ್ತು ಚಿಕಿತ್ಸೆಗೆ ಇದರಲ್ಲಿ ಏರ್ಪಾಡಿದೆ. ಹಣವಿಲ್ಲವೆಂದು ಮಗುವನ್ನು ಮನೆಯಲ್ಲಿ ಮರೆಮಾಡುವ ಕಾಲ ಕಳೆದಿದೆ.

ಕುಟುಂಬಗಳು ನೆನಪಿಡಬೇಕಾದುದು

1. ಮಗುವನ್ನು ಬಯಸುವ ದಂಪತಿಗಳಲ್ಲಿ ಹೆಂಡತಿಯು ಗರ್ಭ ಧರಿಸುವುದಕ್ಕೆ ಒಂದು ತಿಂಗಳಾದರೂ ಮೊದಲಿನಿಂದ ಗರ್ಭದ ಮೂರು ತಿಂಗಳು ತುಂಬುವವರೆಗೆ ವೈದ್ಯರ ಸಲಹೆಯಂತೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಸೇವಿಸಬೇಕು.

2. ಹೊಗೆಸೊಪ್ಪು, ಜರ್ದಾ, ಮದ್ಯಗಳನ್ನು ಅವಳು ಬಿಡಬೇಕು. ಗಂಡನು ಮನೆಯೊಳಗೆ ಸೇದುವುದನ್ನು ನಿಲ್ಲಿಸಬೇಕು.

3. ಮೂರ್ಛೆರೋಗ, ಸಕ್ಕರೆ ಕಾಯಿಲೆ ಇರುವವರು ಗರ್ಭಕ್ಕೆ ಮುಂಚೆಯೇ ವೈದ್ಯರನ್ನು ಕಾಣಬೇಕು. ಔಷಧವನ್ನು ಸ್ವಂತ ಇಚ್ಛೆಯಿಂದ ತೆಗೆದುಕೊಳ್ಳಲೂ ಬಾರದು, ಬಿಡಲೂ ಬಾರದು.

4. ಹದಿನೆಂಟರಿಂದ ಇಪ್ಪತ್ತೆರಡನೆಯ ವಾರದ ಸ್ಕ್ಯಾನಿಂಗಿನಲ್ಲಿ ತುಟಿಯ ಸೀಳು ಕಂಡುಬಂದರೆ ಅದನ್ನು ಮುಂಚಿತವಾಗಿ ದೊರೆತ ಸೂಚನೆಯೆಂದು ತಿಳಿದು ಶಸ್ತ್ರವೈದ್ಯರನ್ನು ಗೊತ್ತುಮಾಡಿಕೊಳ್ಳಬೇಕು, ಗಾಬರಿಗೊಳ್ಳಬಾರದು.

5. ಶಿಶುವು ಸೀಳುತುಟಿಯೊಡನೆ ಹುಟ್ಟಿದರೆ ಮೊದಲ ವಾರದಲ್ಲಿಯೇ ಮಕ್ಕಳ ವೈದ್ಯರಿಗೆ ತೋರಿಸಿ ಹಾಲೂಡಿಸುವ ಕ್ರಮವನ್ನು ಕಲಿಯಬೇಕು.

ಮಹಾನಗರದಲ್ಲಿ ಹತ್ತಿರದ ಬಂಧುಗಳಿಲ್ಲದೆ ಹೆರಿಗೆಯಾಗುವ ಕನ್ನಡ ಹೆಣ್ಣುಮಗಳಿಗೆ ನೆರೆಹೊರೆಯ ಕನ್ನಡಿಗರೇ ತವರುಮನೆ. ಅಂಥ ಮನೆಯಲ್ಲಿ ತುಟಿ ಸೀಳಿದ ಶಿಶು ಹುಟ್ಟಿದಾಗ, ನೋಡಲು ಹೋದ ಹಿರಿಯ ಹೆಂಗಸು ಗ್ರಹಣದ ವಿಚಾರವನ್ನು ಎತ್ತದೆ "ಇದಕ್ಕೆ ಚಿಕಿತ್ಸೆಯುಂಟು, ನಿನ್ನ ತಪ್ಪೇನೂ ಇಲ್ಲ ತಾಯಿ" ಎಂದು ಹೇಳಿ, ಒಂದು ಒಳಲೆಯನ್ನು ಅವಳ ಕೈಗಿತ್ತು ಬಂದರೆ, ಆ ತಾಯಿಗೂ ಮಗುವಿಗೂ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.